ಫೋನಿನ ಆಚೆ ಕಡೆ

ಅತ್ತಿಗೆಯ ತವರಿನ ಭಾಷೆ ಸ್ಪ್ಯಾನಿಷ್. ಆ ಭಾಷೆಯಲ್ಲಿ ಮೈದುನನಿಗೆ ಮೊದಲು ಗುರುತು ಸಿಕ್ಕ ಪದ ‘ಕ್ವಾರ್ತೊ’. ಹಾಗೆಂದರೆ ಕೋಣೆ. ಸಂಜೆ ಅಡುಗೆಮನೆಯಲ್ಲಿ ಫೋನು ಹಿಡಿದು ಅವಳು ಮಾತನಾಡುವಾಗ ಆ ಪದ ಮತ್ತೆ ಮತ್ತೆ ಬರುತ್ತಿತ್ತು.

ಆ ಮನೆಯಲ್ಲಿದ್ದದ್ದು ಎರಡೇ ಕೋಣೆ. ಒಂದು ಅಣ್ಣ ಅತ್ತಿಗೆಯದು. ಇನ್ನೊಂದು ಇವನದು. ಅಪ್ಪ ಕೊನೆಯವರೆಗೂ ಮಲಗುತ್ತಿದ್ದ ಕೋಣೆ, ಪೂರ್ವಕ್ಕೆ ಕಿಟಕಿ, ಒಳಗಿನಿಂದ ಚಿಲಕ. ಪದವಿ ಮುಗಿಸಿ ಮನೆಗೆ ಬಂದ ಮೇಲೆ ಇವನಿಗೆ ತನ್ನದು ಅಂತ ಉಳಿದದ್ದು ಆ ಚಿಲಕವೊಂದೇ.

ಅವಳು ಯಾರಿಗೆ ಹೇಳುತ್ತಾಳೆ? ಏನು ಹೇಳುತ್ತಾಳೆ? ಅಣ್ಣನನ್ನು ಕೇಳಿದರೆ, “ತವರಿಗೆ ಮಾಡ್ತಾಳೆ ಕಣೋ, ನಿನಗ್ಯಾಕೆ?” ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದ. ಅಣ್ಣ ಯಾವುದಾದರೂ ಪ್ರಶ್ನೆಗೆ ಬೆನ್ನು ತೋರಿಸಿದನೆಂದರೆ ಅದರಲ್ಲಿ ಏನೋ ಇದೆ ಎಂದೇ ಅರ್ಥ.

ಇವನು ಗ್ರಂಥಾಲಯದಿಂದ ಪುಸ್ತಕ ತಂದ. ಅದು ಇಂಗ್ಲಿಷ್ ಬಲ್ಲವರಿಗೆ ಸ್ಪ್ಯಾನಿಷ್ ಕಲಿಸುವ ಪುಸ್ತಕ. ಶಾಲೆ ಕಾಲೇಜು ಎಲ್ಲವನ್ನೂ ಇಂಗ್ಲಿಷಿನಲ್ಲೇ ಮುಗಿಸಿ, ಯೋಚನೆಯನ್ನೂ ಇಂಗ್ಲಿಷಿನಲ್ಲೇ ಮಾಡುವ ಇವನಿಗೆ ಅದು ಸಲೀಸಾಗಬೇಕಿತ್ತು. ಪುಸ್ತಕವನ್ನು ಮನೆಗೆ ಒಯ್ಯಲಿಲ್ಲ. ತಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ, ಲೆನ್ಸು ಉಜ್ಜುವ ಯಂತ್ರದ ಹಿಂದೆ ಇಟ್ಟುಕೊಂಡ. ಗಾಜಿನ ಅಂಚು ಸವೆಯುವ ಸದ್ದಿನಲ್ಲಿ ಬಾಯಿಪಾಠ ನಡೆಯುತ್ತಿತ್ತು.

“ಏನಯ್ಯ ಪಂಡಿತ, ಮಂತ್ರ ಹಾಕಿದ್ರೆ ಲೆನ್ಸು ತಾನಾಗೇ ಸವೆಯುತ್ತಾ?” ಎಂದ ಅಂಗಡಿಯ ಯಜಮಾನ.

“ಹಾಗೇ ಏನೋ ಓದ್ತಿದ್ದೆ.”

“ಓದು ಓದು. ಮನೇಲಿ ಜಾಗ ಇಕ್ಕಟ್ಟು ಅನ್ಸಿದ್ರೆ ಮೇಲಿನ ಕೋಣೆ ಖಾಲಿ ಬಿದ್ದಿದೆ. ಬೇಕಾದಷ್ಟು ಓದ್ಬಹುದು.”

ಮನೆಯಲ್ಲಿ ಇಕ್ಕಟ್ಟು ಎಂದು ಇವನು ಯಾರಿಗೂ ಹೇಳಿರಲಿಲ್ಲ. ಯಂತ್ರ ನಿಲ್ಲಿಸಿ ಯಜಮಾನನ ಮುಖ ನೋಡಿದ. ಅವನು ಆಗಲೇ ಗಿರಾಕಿಯೊಬ್ಬಳ ಕಣ್ಣಿಗೆ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತ, “ಇದು ಚೆನ್ನಾಗಿ ಕಾಣುತ್ತಾ, ಅದಾ?” ಎನ್ನುತ್ತಿದ್ದ. ಆಕೆ ಪರೀಕ್ಷೆಗೆ ಕೂತವಳಂತೆ ಹೆದರಿ, “ಯಾವುದು ಸರಿ ಅಂತ ನೀವೇ ಹೇಳ್ಬಿಡಿ” ಎಂದಳು.

ಭಾಷೆ ಬೆಳೆದಂತೆ ಅನುಮಾನವೂ ಬೆಳೆಯಿತು. ಅತ್ತಿಗೆ ಫೋನಿನಲ್ಲಿ ಬಳಸುತ್ತಿದ್ದದ್ದು ‘ಉಸ್ತೆದ್’, ಅಂದರೆ ‘ನೀವು’. ಅಪರಿಚಿತರಿಗೆ, ಅಧಿಕಾರಿಗಳಿಗೆ ಹಾಗೆನ್ನಬೇಕೆಂದು ಪುಸ್ತಕ ಹೇಳಿತು. ಹಾಗಾದರೆ ತವರೆಂಬುದು ಸುಳ್ಳು. ಆಚೆ ಇರುವವನು ದಲ್ಲಾಳಿ ಇರಬೇಕು, ಇಲ್ಲವೇ ಬಾಡಿಗೆಗೆ ಬರುವವನು.

ಒಂದು ಸಂಜೆ ಬಾಗಿಲಾಚೆಯಿಂದ ಪೂರ್ತಿ ವಾಕ್ಯವೇ ಸಿಕ್ಕಿತು. “ಅವನು ಅಓರಿತಾ ಹೋಗುತ್ತಾನೆ.” ಪುಸ್ತಕದ ಪ್ರಕಾರ ಅಓರಿತಾ ಎಂದರೆ ಈಗ, ಈ ಗಳಿಗೆ. ಆ ವಾರವೆಲ್ಲ ಇವನು ಕಾದ. ಯಾರೂ ಹೋಗೆನ್ನಲಿಲ್ಲ. ಆಮೇಲೆ ಗಮನಿಸಿದ: ಮಹಡಿ ಮೇಲಿನ ಬಟ್ಟೆ ತೆಗೆಯಲೂ ಅತ್ತಿಗೆ ‘ಅಓರಿತಾ’ ಎಂದೇ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಬಟ್ಟೆ ಮಾತ್ರ ಕತ್ತಲಾಗುವವರೆಗೂ ಹಗ್ಗದ ಮೇಲೇ ಇರುತ್ತಿತ್ತು. ಈಗ ಎಂದರೆ ಈಗಲ್ಲ. ಯಾವಾಗ ಎಂದು ಹೇಳದಿರುವುದಕ್ಕೂ ಆ ಭಾಷೆ ಒಂದು ಪದ ಇಟ್ಟುಕೊಂಡಿತ್ತು.

ಇನ್ನೊಂದು ದಿನ ಅತ್ತಿಗೆಯ ಕೈಯಿಂದ ಕಾಫಿ ಕಪ್ಪು ಬಿದ್ದು ಒಡೆಯಿತು. ಅವಳು ಫೋನಿಗೆ ಹೇಳಿದ್ದು ‘ನಾನು ಬೀಳಿಸಿದೆ’ ಎಂದಲ್ಲ. ‘ಅದು ನನಗೆ ಬಿದ್ದುಹೋಯಿತು’ ಎನ್ನುವ ಹಾಗೆ ಏನೋ. ಯಾರೂ ಏನನ್ನೂ ಒಡೆಯದ ಭಾಷೆ ಇದು, ತಪ್ಪೆಲ್ಲ ಕಪ್ಪಿನದೇ, ಎಂದುಕೊಂಡ ಇವನು. ಮರುದಿನ ಅಂಗಡಿಯಲ್ಲಿ ಲೆನ್ಸೊಂದು ಜಾರಿದಾಗ ಇವನ ಬಾಯಿಂದ ಬಂದದ್ದು, “ಕೈತಪ್ಪಿ ಬಿತ್ತು ಸಾರ್.” ಇಂಗ್ಲಿಷ್ ಪುಸ್ತಕ ಪುಟಗಟ್ಟಲೆ ವಿವರಿಸಿದ್ದನ್ನು ಇವನ ನಾಲಿಗೆ ಮೊದಲೇ ಬಲ್ಲದಾಗಿತ್ತು. ಅದರಿಂದ ಸಂತೋಷವೇನೂ ಆಗಲಿಲ್ಲ.

ಎಲ್ಲಕ್ಕಿಂತ ಚುಚ್ಚಿದ್ದು ಬೇರೆ. ಆ ಭಾಷೆಯಲ್ಲಿ ‘ಇರುವುದು’ ಎರಡು ಬಗೆ. ಸ್ವಭಾವಕ್ಕೆ ಒಂದು, ಈಚೆಗೆ ಬಂದ ಸ್ಥಿತಿಗೆ ಇನ್ನೊಂದು. ‘ಅವನು ಮೌನವಾಗಿದ್ದಾನೆ’ ಎನ್ನಲು ಅತ್ತಿಗೆ ಎರಡನೆಯದನ್ನು ಬಳಸಿದಳು. ಇವನು ಹುಟ್ಟಿದಾಗಿನಿಂದ ಮಾತು ಕಡಿಮೆಯವನೆಂದೇ ಮನೆಯವರೆಲ್ಲ ಹೇಳುತ್ತ ಬಂದಿದ್ದರು. ಈ ಮೌನ ಬೇರೆ, ಹೊಸದು ಎಂದು ಅವಳಿಗೆ ಹೇಗೆ ತಿಳಿಯಿತು?

ಮತ್ತೂ ಒಂದು ವಿಷಯವಿತ್ತು. ಅವಳು ಮಾತು ನಿಲ್ಲಿಸಿ ಆಚೆಯ ಉತ್ತರಕ್ಕೆ ಜಾಗ ಬಿಡುತ್ತಿದ್ದಳು. ತಲೆಯಾಡಿಸುತ್ತಿದ್ದಳು. ಆದರೆ ಇವನಿಗೆ ಎಂದೂ ಆಚೆಯ ದನಿ ಕೇಳಿರಲಿಲ್ಲ. ಫೋನಿನಿಂದ ಒಂದು ಗುಸುಗುಸುವಾದರೂ ಸೋರಬೇಡವೇ? ಅಷ್ಟು ಎಚ್ಚರದಿಂದ ಮಾತನಾಡುವವನು ಎಂಥವನು?

ಅಣ್ಣ ತಡವಾಗಿ ಬರಲಿದ್ದ ಒಂದು ಸಂಜೆ, ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು. ಕೈಯೆಲ್ಲ ಸೋಪಾಗಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕಪಾಟಿನ ಮೇಲೆ ಇಟ್ಟಿದ್ದಳು. ಕಿಟಕಿ ಪೂರ್ವಕ್ಕಿದೆ, ಮಂಚ ಗೋಡೆಯ ಪಕ್ಕ ಹಿಡಿಯುತ್ತದೆ, ಎನ್ನುತ್ತಿದ್ದಳು. ಒಂದೊಂದು ಪದವನ್ನೂ ಬಿಡಿಸಿ, ಮಗುವಿಗೆ ಹೇಳುವ ಹಾಗೆ. ಇವನು ನೀರು ಕುಡಿಯುವ ನೆಪದಲ್ಲಿ ಹೊಸ್ತಿಲಲ್ಲಿ ನಿಂತ.

“ಕೆಳಗೆ ಯಾರೋ ಕರೆದ ಹಾಗಾಯ್ತು, ನೋಡ್ಕೊಂಡು ಬರ್ತೀನಿ” ಎಂದು ಅವಳು ಕೈ ಒರೆಸಿಕೊಂಡು ಮೆಟ್ಟಿಲಿಳಿದಳು. ಫೋನು ಅಲ್ಲೇ ಇತ್ತು, ಹಾಗೇ ಇತ್ತು.

ಕೆಳಗಿನಿಂದ ಇವನಿಗೆ ಏನೂ ಕೇಳಿಸಿರಲಿಲ್ಲ. ಆದರೆ ಅದನ್ನು ಯೋಚಿಸುವಷ್ಟು ವ್ಯವಧಾನ ಆಗ ಇರಲಿಲ್ಲ. ಕಪಾಟಿನ ಬಳಿ ಹೋಗಿ, ಪುಸ್ತಕದ ಸ್ಪ್ಯಾನಿಷಿನಲ್ಲಿ ಕೇಳಿದ.

“ಯಾರು ನೀವು?”

ಉಸಿರಿನ ಸದ್ದು ಮಾತ್ರ.

“ಕೋಣೆ ಬೇಕಾಗಿರೋದು ನಿಮಗೇನಾ?”

ಉಸಿರು ಒಮ್ಮೆ ತಡವರಿಸಿತು. ಮತ್ತೆ ಮೊದಲಿನಂತಾಯಿತು. ಸ್ವಲ್ಪ ದೂರದಿಂದ ಯಾರೋ ಹೆಂಗಸಿನ ದನಿ ಬಂತು. ಬೇಗಬೇಗ ಆಡಿದ ಮಾತು, ಆದರೂ ಅರ್ಥವಾಯಿತು. “ಅವರು ಮಾತಾಡಲ್ಲ. ಕಾಯಿಲೆ ಆದಮೇಲೆ ಮಾತು ಹೋಗಿದೆ. ಮಗಳು ಮಾತಾಡ್ತಾರೆ, ನಾನು ಫೋನು ಕಿವಿಗೆ ಹಿಡೀತೀನಿ, ಅಷ್ಟೇ. ನೀವು ಆ ಕೋಣೆಯ ಹುಡುಗನಾ?”

ತಿರುಗಿ ನೋಡಿದರೆ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

“ಅದು ನನ್ನ ಅಮ್ಮ” ಎಂದಳು.

“ಮತ್ತೆ ನೀವು ಅಂತ ಬಹುವಚನ ಹಾಕ್ತಿದ್ರಲ್ಲ?”

“ನಮ್ಮ ಮನೇಲಿ ಅಮ್ಮನಿಗೂ ಹಾಗೇ ಅನ್ನೋದು. ನೀನು ನನಗೆ ನೀವು ಅನ್ನಲ್ವಾ? ನಾನೇನು ಅಧಿಕಾರಿನಾ?”

ಇವನು ನಗಲಿಲ್ಲ. “ಅವರನ್ನ ಇಲ್ಲಿಗೆ ಕರ್ಕೊಂಡು ಬರ್ಬೇಕು ಅಂತಾನಾ?”

“ಹೂಂ. ನೋಡ್ಕೊಳ್ಳೋ ಹೆಂಗಸು ಇನ್ನು ಬಹಳ ದಿನ ಕೆಲಸದಲ್ಲಿ ಇರಲ್ವಂತೆ.”

“ಅಣ್ಣಂಗೆ ಗೊತ್ತಾ?”

“ಗೊತ್ತು. ನೀನೇ ಹೇಳು ಅಂದ ಅವನು. ನಿನ್ನ ತಮ್ಮ, ನೀನೇ ಹೇಳು ಅಂದೆ ನಾನು. ಕಡೆಗೆ ಹೋಗಿ ನಿನ್ನ ಅಂಗಡಿ ಯಜಮಾನ್ರಿಗೆ ಹೇಳಿ ಬಂದಿದ್ದಾನೆ, ಪುಣ್ಯಾತ್ಮ.”

“ನನ್ನನ್ನೇ ಕೇಳ್ಬಹುದಿತ್ತಲ್ಲ ಅತ್ತಿಗೆ.”

“ಕೇಳಿದ್ರೆ ನೀನು ಹೂಂ ಅಂತೀಯ. ಮುಖದ ಮೇಲೆ ಹೂಂ, ಒಳಗೆ ಉಹೂಂ. ಆಮೇಲೆ ಚಿಲಕ ಹಾಕ್ಕೊಂಡು ಕೂತ್ಕೋತೀಯ. ನಿಮ್ಮನೇಲಿ ಎಲ್ಲಾರೂ ಹೀಗೇನೇ.” ಅವಳು ಒದ್ದೆ ಲೋಟವನ್ನು ಬೋರಲು ಹಾಕಿದಳು. “ನೀನು ನಮ್ಮ ಭಾಷೆ ಕಲೀತಿದ್ದೀಯ ಅಂತ ಗೊತ್ತಾಗಿತ್ತು. ಬಾಗಿಲ ಹಿಂದೆ ತುಟಿ ಅಲ್ಲಾಡಿಸ್ತಿದ್ದೆ. ಅದಕ್ಕೇ ನಿಧಾನವಾಗಿ ಹೇಳೋಕೆ ಶುರುಮಾಡ್ದೆ. ಮಗಳಿಗೆ ಹೇಳಿ ಸೊಸೆಗೆ ಕೇಳಿಸೋದು ಅಂತಾರಲ್ಲ ನಿಮ್ಮಲ್ಲಿ, ಹಾಗೆ.”

ಕದ್ದು ಕೇಳಿದೆನೆಂದುಕೊಂಡಿದ್ದ ಒಂದೊಂದು ವಾಕ್ಯವನ್ನೂ ಇವನು ನೆನಪಿಗೆ ತಂದುಕೊಂಡ. ಯಾವುದು ಅಮ್ಮನಿಗೆ, ಯಾವುದು ತನಗೆ? ಕಪ್ಪು ಒಡೆದದ್ದು ಅಮ್ಮನಿಗಿರಬೇಕು. ‘ಅವನು ಮೌನವಾಗಿದ್ದಾನೆ’ ಎಂದದ್ದು? ಯಂತ್ರದ ಹಿಂದೆ ಕೂತು ಅಷ್ಟೆಲ್ಲ ಕಲಿತರೂ ಅದನ್ನು ಬೇರ್ಪಡಿಸುವ ಉಪಾಯ ಇವನಿಗೆ ತಿಳಿಯಲಿಲ್ಲ.

ಫೋನಿನ ಕರೆ ಇನ್ನೂ ಮುಗಿದಿರಲಿಲ್ಲ. ಆಚೆ ಕಾಯುತ್ತಿದ್ದರು.

‘ಅಓರಿತಾ’ ಎನ್ನಬಹುದಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಇವನು ಕಪಾಟಿನ ಹತ್ತಿರ ಬಾಗಿ, ತಡೆತಡೆದು, “ಕೋಣೆಗೆ ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತದೆ. ಈ ಭಾನುವಾರ ನಾನು ಅಂಗಡಿಯ ಮೇಲಿನ ಕೋಣೆಗೆ ಹೋಗುತ್ತೇನೆ. ನೀವು ಬನ್ನಿ” ಎಂದ. ಆಮೇಲೆ ಅತ್ತಿಗೆ ಮಾಡುತ್ತಿದ್ದ ಹಾಗೆಯೇ ಉತ್ತರಕ್ಕೆ ಜಾಗ ಬಿಟ್ಟ. ಉಸಿರು ಬಂತು, ಹೋಯಿತು. ಇವನು ತಲೆಯಾಡಿಸಿದ.

ಅತ್ತಿಗೆ ಬೆನ್ನು ತಿರುಗಿಸಿ ನಲ್ಲಿ ಬಿಟ್ಟಳು. ಅವಳ ಭುಜ ಅಲುಗುತ್ತಿದ್ದದ್ದು ಪಾತ್ರೆ ಉಜ್ಜುವುದಕ್ಕೋ ಬೇರೆಯದಕ್ಕೋ ಹೇಳುವಂತಿರಲಿಲ್ಲ.

“ಕೆಳಗೆ ಯಾರು ಬಂದಿದ್ರು ಅತ್ತಿಗೆ?”

“ಯಾರೂ ಇಲ್ಲ” ಎಂದಳು ಅವಳು, ಪಾತ್ರೆಯಿಂದ ಕಣ್ಣೆತ್ತದೆ. “ಹಾಗೆ ಕೇಳಿಸ್ತು.”

ಇವನು ಅವಳ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಟ್ಟೆಯೊಂದನ್ನು ತೆಗೆದುಕೊಂಡು ಬೋರಲು ಹಾಕಿದ್ದ ಲೋಟವನ್ನು ಒರೆಸತೊಡಗಿದ.