ನೀರು ಹೊಂದುವವರೆಗೆ

ಲಿಫ್ಟ್ ರಿಪೇರಿಯವನಿಗೆ ಯಾವ ಕೆಲಸವೂ ನಿಧಾನವಾಗಬಾರದು. ಪಾಪ, ಅವನದೂ ತಪ್ಪಲ್ಲ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರು ಒಳಗಿನಿಂದ ಬಾಗಿಲು ಬಡಿಯುತ್ತಿರುವಾಗ ಸಾವಕಾಶ ಮಾಡಲು ಯಾರಿಗೆ ತಾನೇ ಆಗುತ್ತದೆ? ಆದರೆ ಮನೆಯ ಅಕ್ವೇರಿಯಮ್ಮಿನಲ್ಲಿ ಸಮುದ್ರದ ಹವಳ ಸಾಕುವವನಿಗೆ ಈ ಗುಣ ಆಗಿಬರುವುದಿಲ್ಲ. ಹೋದ ತಿಂಗಳು ಅವನು ನೀರಿನ ಕ್ಷಾರ ಇಳಿದದ್ದು ಕಂಡು, ಅದನ್ನು ಏರಿಸಲು ದಿನಕ್ಕಿಷ್ಟೆಂದು ಹಾಕಬೇಕಾದ ಪುಡಿಯನ್ನೆಲ್ಲ ಒಂದೇ ಸಲಕ್ಕೆ ಸುರಿದ. ಸಂಜೆಗೆ ಅಳತೆ ಸರಿಹೋಯಿತು. ಹವಳ ಮಾತ್ರ ತುದಿಯಿಂದ ಬೆಳ್ಳಗಾಗುತ್ತ ಬಂದು ಸತ್ತೇ ಹೋಯಿತು.

ಅದು ಅವನ ಹೆಂಡತಿ ಬೆಳೆಸಿದ ನೇರಳೆ ಹವಳ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುವ ಅವಳಿಗೆ ಹನಿ ಹನಿಯಾಗಿ ಅಳೆಯುವುದು ನೀರು ಕುಡಿದಷ್ಟು ಸುಲಭ. ಎರಡು ವರ್ಷದ ಹಿಂದೆ ಮುನಿಸಿಕೊಂಡು ಅಕ್ಕನ ಮನೆಗೆ ಹೋದಾಗ ಬೆರಳುದ್ದದ ತುಂಡೊಂದನ್ನು ಮುರಿದುಕೊಂಡು ಹೋಗಿದ್ದಳು. ಹವಳ ಸಾಕುವವರಲ್ಲಿ ಇದು ವಾಡಿಕೆ. ಒಂದು ತುಂಡು ಬೇರೆ ಮನೆಯಲ್ಲಿದ್ದರೆ, ಇಲ್ಲಿಯದು ಸತ್ತರೂ ತಳಿ ಉಳಿಯುತ್ತದೆ. ಅಲ್ಲಿಂದಾಚೆ ಅವನು ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು, ಏನು ಹೇಳುವುದೆಂದು ತೋಚದೆ ಕೆಳಗಿಟ್ಟಿದ್ದ. ಈಗ ಹೇಳಲು ಒಂದು ಮಾತು ಸಿಕ್ಕಿತು. ಸಾಕಿದ ಹವಳ ಸತ್ತದ್ದಕ್ಕೆ ಒಳಗೊಳಗೇ ಹಿಗ್ಗಿದ ಪಾಪಿ ಅವನೊಬ್ಬನೇ ಇರಬೇಕು.

ಅದರದೊಂದು ತುಂಡು ಬೇಕೆಂದು ಫೋನ್ ಮಾಡಿದ್ದಕ್ಕೆ ಭಾನುವಾರ ಬೆಳಿಗ್ಗೆ ಅವಳೇ ಬಂದಳು. ತಾನು ತಂದ ಹವಳವನ್ನು ಅದರ ನೀರಿನ ಸಮೇತ ಬಕೆಟ್ಟಿಗೆ ಬಿಟ್ಟಳು. ಅಕ್ವೇರಿಯಮ್ಮಿನಿಂದ ಸಣ್ಣ ಕೊಳವೆಯೊಂದನ್ನು ಬಕೆಟ್ಟಿಗೆ ಇಳಿಬಿಟ್ಟು, ಹನಿಹನಿಯಾಗಿ ಬೀಳಲೆಂದು ಅದಕ್ಕೊಂದು ಗಂಟು ಹಾಕಿದಳು. ಎರಡೂ ನೀರು ಹೊಂದಿಕೊಳ್ಳುವ ತನಕ ಕಾಯಬೇಕು. ಅಷ್ಟು ಹೊತ್ತಾದರೂ ಅವಳು ಕೂತಿರುತ್ತಾಳೆ.

ಅವಳು ಕೈತೊಳೆಯಲು ಹೋದದ್ದೇ ತಡ, ಹುಟ್ಟಿದಾಗಿನಿಂದ ಆತುರದವನಾದ ಅವನು ಗಂಟನ್ನು ಇನ್ನಷ್ಟು ಬಿಗಿದ. ಹನಿ ನಿಧಾನವಾಯಿತು. ಚಹಾ ಕುಡಿದರು. ಅಕ್ಕನ ಮಂಡಿನೋವು, ಲ್ಯಾಬಿಗೆ ಬಂದ ಹೊಸ ಮೇಲಧಿಕಾರಿಯ ಕಿರಿಕಿರಿ ಎಲ್ಲ ಮಾತಾಯಿತು. ಅವಳು ಒಮ್ಮೆ ನಕ್ಕಳು. ಇವಳು ಇಲ್ಲೇ ಇದ್ದುಬಿಟ್ಟರೆ ಇನ್ನೇನೂ ಬೇಡ ಎಂದು ಅವನಿಗೆ ಅನಿಸಿತು. ಇಷ್ಟು ಹೊತ್ತು ಅವಳನ್ನೇ ನೋಡುತ್ತಿದ್ದವನು ಮುಖ ಮರೆಸಲೆಂದು ಬಕೆಟ್ಟಿನತ್ತ ಬಗ್ಗಿದ. ಅಲ್ಲಿದ್ದದ್ದು ತುಂಡಲ್ಲ, ಅಂಗೈಯಗಲ ಬೆಳೆದ ಇಡೀ ಹವಳ. ಬುಡಸಮೇತ ತಂದಿದ್ದಾಳೆಂದರೆ ಅವಳೂ ಬಂದಂತೆಯೇ ಎಂದು ಅವನು ಗಾಳಿಗೋಪುರ ಕಟ್ಟತೊಡಗಿದ.

"ಪೂರ್ತಿ ತಂದ್ಬಿಟ್ಟಿದೀಯಲ್ಲ" ಎಂದ.

"ನಂಗೆ ಬೇರೆ ಊರಿಗೆ ವರ್ಗ ಆಗಿದೆ. ಅಲ್ಲಿ ಸಿಕ್ಕಿರೋದು ಒಂದೇ ರೂಮು. ಇದನ್ನೆಲ್ಲ ಇಟ್ಕೊಳ್ಳೋಕಾಗಲ್ಲ."

ಅವಳು ಎದ್ದು ಗಂಟನ್ನು ನೋಡಿದಳು, ಅವನ ಮುಖ ನೋಡಿದಳು. ಗಂಟನ್ನು ತುಸು ಸಡಿಲಿಸಿದಳು. ನೀರು ಹೊಂದಿದ ಮೇಲೆ ಹವಳವನ್ನು ತಾನೇ ಕಲ್ಲಿನ ಮೇಲೆ ಕೂರಿಸಿ, ಕೈ ಒರೆಸಿಕೊಂಡು ಬಾಗಿಲಿಗೆ ಹೋದಳು.

ಅವನು ಹಿಂದೆಯೇ ಹೋದ. "ಇದೂ ಸತ್ರೆ ಏನು ಮಾಡ್ಲಿ? ಇನ್ನೊಂದು ತುಂಡೂ ಇಲ್ಲ. ನಿನ್ನನ್ನ ಕರೆಯೋಕೆ ನೆಪಾನೂ ಇಲ್ಲ."

ಅವಳು ಚಪ್ಪಲಿ ಮೆಟ್ಟುತ್ತಿದ್ದಳು, ತಲೆಯೆತ್ತಲಿಲ್ಲ.

"ಅದು ಬದುಕಿದ್ದಾಗ್ಲೂ ಫೋನ್ ಮಾಡಬಹುದಿತ್ತಲ್ರೀ" ಎಂದಳು.