ಕಪ್ಪು ಎಲೆಯ ಸಸಿಗಳು

ಅವಳು ಕಾರು ಕಲಿಸುವವಳು. ಎಷ್ಟೋ ವರ್ಷಗಳಿಂದ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಬಾಳುವೆ ನಡೆಸಿದವಳು. ಕಲಿಯಲು ಬಂದವರು ಬೆನ್ನ ಹಿಂದೆ ಅವಳನ್ನು ‘ಹಾರ್ನ್ ಮೇಡಂ’ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಸಿಟ್ಟಾಗುವ ಬದಲು ಕಾರಿನ ಬಾನೆಟ್ ತಟ್ಟಿ, “ಹಾರ್ನ್ ಇಲ್ಲದ ಗಾಡಿ ರಸ್ತೆಗೆ ಇಳೀಬಾರ್ದು ಕಣ್ರೀ” ಎಂದು ನಕ್ಕಿದ್ದಳು. ಗಂಟಲು ದೊಡ್ಡದು, ಧೈರ್ಯ ಅದಕ್ಕಿಂತ ದೊಡ್ಡದು. ಹಿಡಿದ ಕೆಲಸ ಆಗುವುದಿಲ್ಲ ಎಂಬ ಮಾತು ಅವಳ ಬಾಯಲ್ಲಿ ಯಾರೂ ಕೇಳಿದವರಿಲ್ಲ.

ಅವಳ ಬಳಿ ಕಾರು ಕಲಿತ ನರ್ಸೊಬ್ಬಳು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬಿದ್ದು, ಕೊನೆಗೊಮ್ಮೆ ಪಾಸಾದಳು. ಆ ಖುಷಿಗೆ ಒಂದು ಪುಟ್ಟ ಕಾಗದದ ಪೊಟ್ಟಣ ತಂದು ಕೊಟ್ಟಳು.

“ಡೇಲಿಯಾ ಬೀಜ ಮೇಡಂ. ನಮ್ಮ ಹಿತ್ತಲದ್ದು. ಇದರ ಎಲೆ ಕಪ್ಪು.”

“ಹೂವು?”

“ಅದನ್ನ ಮಾತ್ರ ಕೇಳ್ಬೇಡಿ. ಗೆಡ್ಡೆ ನೆಟ್ರೆ ತಾಯಿ ಥರಾನೇ ಬರುತ್ತೆ. ಬೀಜ ಹಾಕಿದ್ರೆ ಒಂದೊಂದೂ ಒಂದೊಂದು ಥರ. ಎಲೇನೂ ಅಷ್ಟೇ, ಕೆಲವು ಹಸಿರು ಬರುತ್ತೆ. ಹಸಿರು ಬಂದದ್ದನ್ನ ಮುಲಾಜಿಲ್ಲದೆ ಕಿತ್ತು ಹಾಕಿ, ಕಪ್ಪು ಬಂದದ್ದನ್ನ ಮಾತ್ರ ಇಟ್ಕೊಳ್ಳಿ.”

ಮನೆ ಮುಂದೆ ಗೇಟಿನಿಂದ ಬಾಗಿಲ ತನಕ ಉದ್ದಕ್ಕೆ ಗಿಡ ನೆಡುವ ಒಂದು ಮಡಿ ಜಾಗವಿತ್ತು. ಅದರ ತುಂಬ ಕಪ್ಪು ಎಲೆ, ಮೇಲೆ ಬೆಂಕಿಯಂಥ ಹೂವು! ಅವಳ ಕಣ್ಣ ಮುಂದೆ ಆಗಲೇ ಅರಳಿಬಿಟ್ಟಿತು. ಸಂಜೆಯೊಳಗೆ ಎದುರು ಮನೆಯವರಿಗೆ, ಮೂಲೆ ಅಂಗಡಿಯವನಿಗೆ, ಅಂದು ಕಲಿಯಲು ಬಂದವರಿಗೆಲ್ಲ ಹೇಳಿಯಾಗಿತ್ತು. ಎಲೆಕ್ಟ್ರಿಷಿಯನ್ ಆದ ಗಂಡ ಮಾತ್ರ, “ಕಪ್ಪು ಎಲೇನಾ? ಶಾರ್ಟ್ ಸರ್ಕ್ಯೂಟ್ ಆದ ಗಿಡ ಅನ್ನು” ಎಂದು ತಟ್ಟೆಗೆ ಕೈ ಹಾಕಿದ.

ಮನೆಯಲ್ಲಿ ಒಳ್ಳೆ ಬಿಸಿಲು ಬೀಳುವ ಕಿಟಕಿ ಒಂದೇ, ಹಿಂದಿನ ಕೋಣೆಯದು. ಆಗ ಖಾಲಿಯಿದ್ದ ಆ ಕೋಣೆಯಲ್ಲಿ ಅವಳು ಹಗುರ ಮಣ್ಣು ತುಂಬಿದ ಎರಡು ಟ್ರೇ ಇಟ್ಟು, ಬೀಜ ಹಾಕಿ, ಬೆರಳಿನಿಂದ ಸವರಿ ಮುಚ್ಚಿದಳು.

ಅದೇ ವಾರ ಆ ಕೋಣೆಗೆ ಮಾವ ಬಂದರು. ಮಗಳ ಮನೆಯಲ್ಲಿದ್ದವರಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಅಲ್ಲಿ ಮೆಟ್ಟಿಲು ಜಾಸ್ತಿ, ಇಲ್ಲಿ ಎಲ್ಲ ನೆಲಮಟ್ಟ. ಅತ್ತೆ ತೀರಿಹೋಗಿ ತುಂಬ ಕಾಲವಾಗಿತ್ತು. ಮಾವ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಬೆಳಕಿನ ಹಲಗೆಯ ಮುಂದೆ ಸಾಲಾಗಿ ಹಾದುಹೋಗುವ ಬಾಟಲಿಗಳಲ್ಲಿ ಗುಳ್ಳೆ, ಬಿರುಕು, ಕಪ್ಪು ಚುಕ್ಕೆ ಕಂಡದ್ದನ್ನು ಎತ್ತಿ ಪಕ್ಕಕ್ಕೆ ಹಾಕುವುದು ಅವರ ಕೆಲಸವಾಗಿತ್ತು. ಕಾರ್ಖಾನೆ ಬಿಟ್ಟರೂ ಕಣ್ಣು ಆ ಕೆಲಸ ಬಿಟ್ಟಿರಲಿಲ್ಲ. ಲೋಟದ ಅಂಚು ನೋಡದೆ ಅವರು ನೀರು ಕುಡಿಯುತ್ತಿರಲಿಲ್ಲ.

ಮಾತು ಕಡಿಮೆ. ಸೊಸೆ ಬೆಳಗ್ಗೆ ಬಿರುಗಾಳಿಯ ಹಾಗೆ ಹೊರಟರೆ ಇವರು ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಕಿಟಕಿಯ ಕಡೆ ನೋಡುತ್ತಿದ್ದರು. “ಒಂದು ಲೋಟ ತೊಳಿಯೋಕೂ ಬಿಡಲ್ಲ ನೀವು” ಎಂದು ಒಮ್ಮೆ ಮಗನಿಗೆ ಅಂದಿದ್ದರು. “ಆರಾಮಾಗಿರಿ ಅಪ್ಪಾ” ಎಂದಿದ್ದ ಮಗ. ಆರಾಮೇ ಅವರಿಗೆ ಭಾರವಾಗಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ.

ಮೊಳಕೆ ಬಂದದ್ದನ್ನು ಮೊದಲು ಕಂಡವರು ಅವರೇ. “ಏನಮ್ಮಾ, ನಿನ್ನ ಗಿಡ ಎದ್ದಿದೆ ನೋಡು” ಎಂದು ಕೂಗಿದರು. ಅಂದಿನಿಂದ ಟ್ರೇ ತಿರುಗಿಸುವುದು, ಮಣ್ಣು ಒಣಗಿದರೆ ನೀರು ಚಿಮುಕಿಸುವುದು ಅವರ ಪಾಲಿಗೆ ಬಂತು. ಮೊದಲಿನ ಎರಡೆರಡು ಎಲೆ ಎಲ್ಲದರದ್ದೂ ಒಂದೇ ಥರ ಇದ್ದವು. ಆಮೇಲೆ ಬಂದ ಹಲ್ಲುಹಲ್ಲಿನ ಎಲೆಗಳಲ್ಲಿ ಬಣ್ಣ ಬೇರೆಯಾಯಿತು. ಸುಮಾರು ಅರ್ಧದಷ್ಟು ಸಸಿ ಹಸಿರು, ಉಳಿದವು ಬದನೆಕಾಯಿ ಸಿಪ್ಪೆಯ ಹಾಗೆ.

ಶನಿವಾರ ಬೆಳಗ್ಗೆ ಕಾರಿನ ಕೀಲಿ ಹುಡುಕುತ್ತ ಅವಳು ಟ್ರೇ ಕಡೆ ಒಂದು ನೋಟ ಬೀರಿದಳು. “ತುಂಬ ಒತ್ತಾಗಿದೆ ಮಾವ. ನಾಳೆ ಕೂತು ಕೆಟ್ಟದ್ದನ್ನೆಲ್ಲ ಕಿತ್ತು ಹಾಕ್ಬೇಕು. ಒಳ್ಳೇದಕ್ಕೆ ಜಾಗ ಆಗುತ್ತೆ.”

ಊರಿಗೆಲ್ಲ ಡಂಗುರ ಹೊಡೆದವಳು, ಕಪ್ಪು ಎಲೆಯೇ ಬೇಕಾದದ್ದು ಎಂಬ ಒಂದು ಮಾತನ್ನು ಆ ಕೋಣೆಯಲ್ಲಿ ಕೂತ ಮನುಷ್ಯನಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಅವಳು ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ಹಿಂದೆಂದೂ ಕಾಣದ ಕಳೆ. “ನಿನಗೆ ಒಂದು ಕೆಲಸ ಉಳಿಸಿದೀನಿ, ಬಾ” ಎಂದು ಕೋಲೂರಿಕೊಂಡು ಮುಂದೆ ನಡೆದರು.

ಟ್ರೇ ಎರಡೂ ಹೊಸದರಂತೆ ಅಚ್ಚುಕಟ್ಟಾಗಿದ್ದವು. ಸಸಿಯಿಂದ ಸಸಿಗೆ ಅಳತೆ ಹಿಡಿದಂಥ ಅಂತರ. ಒಂದೊಂದರ ಬುಡದಲ್ಲೂ ಮಣ್ಣು ಮೆತ್ತಗೆ ಒತ್ತಿತ್ತು. ಎಲ್ಲವೂ ಹಸಿರು. ಒಂದೇ ಒಂದು ಕಪ್ಪು ಎಲೆ ಇಲ್ಲ.

“ರೋಗ ಬಂದದ್ದನ್ನೆಲ್ಲ ತೆಗೆದುಬಿಟ್ಟೆ. ಅರ್ಧಕ್ಕರ್ಧ ಕಪ್ಪಾಗಿತ್ತು ಕಣಮ್ಮ. ಬಿಟ್ಟಿದ್ರೆ ಇವಕ್ಕೂ ಅಂಟ್ತಿತ್ತು.”

ಗಂಡ ಹಿಂದಿನಿಂದ ಬಗ್ಗಿ ನೋಡಿದವನು, “ಅಯ್ಯೋ ಅಪ್ಪಾ! ಬೇಕಾಗಿದ್ದದ್ದೇ ಕಪ್ಪು!” ಎಂದುಬಿಟ್ಟ.

ಮಾವ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ ಟ್ರೇ ಕಡೆ ತಿರುಗಿ, ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು.

“ಕಿತ್ತದ್ದು ಎಲ್ಲಿ ಹಾಕಿದ್ರಿ ಮಾವ?” ಎಂದಳು ಅವಳು.

“ಹಿಂದೆ… ತರಕಾರಿ ಸಿಪ್ಪೆ ಬಕೆಟ್ನಲ್ಲಿ.”

ಅವಳು ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲಿಗೆ ಓಡಿದಳು. ಬಕೆಟ್ಟನ್ನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿ, ಮಂಡಿಯೂರಿ ಕೂತಳು. ಸೌತೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಚಹಾದ ಚರಟ. ಅದರ ನಡುವೆ ಒದ್ದೆ ದಾರದ ಎಳೆಗಳಂತೆ ಸಸಿಗಳು. ಸಿಪ್ಪೆಯ ತೇವಕ್ಕೆ ಪೂರ್ತಿ ಒಣಗಿರಲಿಲ್ಲ, ಆದರೆ ತಲೆಯೆತ್ತುವ ಶಕ್ತಿ ಒಂದಕ್ಕೂ ಇರಲಿಲ್ಲ. ಕೆಲವಕ್ಕೆ ಬೇರಿತ್ತು, ಕೆಲವು ಬುಡದಲ್ಲೇ ಮುರಿದಿದ್ದವು. ಒಂದೊಂದನ್ನೇ ಎತ್ತಿ ಅಗಲ ತಟ್ಟೆಯ ನೀರಿಗೆ ಬಿಟ್ಟಳು.

“ಇವು ಬದುಕ್ತಾವಾ?” ಎಂದ ಗಂಡ.

“ಬದುಕ್ತಾವೆ” ಎಂದಳು. ಅವಳಿಗೆ ಅದು ಗೊತ್ತಿರಲಿಲ್ಲ. ಆದರೂ ಕ್ಲಚ್ಚು ಬಿಡಲು ಹೆದರುವವರಿಗೆ ‘ಆಗುತ್ತೆ’ ಎನ್ನುವ ಅದೇ ದನಿಯಲ್ಲಿ ಹೇಳಿದಳು.

ಒಳಗೆ ಹೋದರೆ ಮಾವ ಮಂಚದ ಮೇಲೆ ಚೀಲ ಬಿಚ್ಚಿಟ್ಟುಕೊಂಡು ಅಂಗಿ ಮಡಿಸುತ್ತಿದ್ದರು.

“ಏನು ಮಾವ ಇದು?”

“ಮಗಳ ಮನೆಗೆ ಹೋಗ್ತೀನಮ್ಮ. ಕಾಲು ಈಗ ಪರವಾಗಿಲ್ಲ.”

“ಅಲ್ಲಿ ಮೆಟ್ಟಿಲಿದೆ.”

“ಹತ್ತುತೀನಿ.” ಅಂಗಿಯ ತೋಳನ್ನು ಮತ್ತೆ ಮತ್ತೆ ಒಳಗೆ ಮಡಿಸಿದರು. “ಕೂತಿರಿ ಅಂತ ಹೇಳಿದ್ರಿ, ಕೂತಿರಬೇಕಿತ್ತು. ನನ್ನ ಕೈಯೇ ಸರಿಯಿಲ್ಲ.”

ಅವಳು ಮಂಚದ ತುದಿಯಲ್ಲಿ ಕೂತಳು. ಕೈಯೆಲ್ಲ ಚಹಾದ ಚರಟ.

“ಮಾವ, ನನ್ನ ಕಾರಿನ ಮುಂದಿನ ಬಂಪರ್ ನೋಡಿದೀರಾ?”

“ನೋಡಿದೀನಿ. ಜಜ್ಜಿ ಹೋಗಿದೆ.”

“ಎಷ್ಟು ಜನ ಗೋಡೆಗೆ ಗುದ್ದಿಸಿದಾರೋ ಲೆಕ್ಕ ಇಲ್ಲ. ಗುದ್ದಿಸಿದವರು ಏನ್ಮಾಡ್ತಾರೆ ಗೊತ್ತಾ? ಬಾಗಿಲು ತೆಗೆದು ಇಳಿದು, ‘ನನ್ನ ಕೈಲಾಗಲ್ಲ ಮೇಡಂ’ ಅಂತ ಮನೆ ಕಡೆ ಹೊರಡ್ತಾರೆ. ಆಗ ಬಿಟ್ಬಿಟ್ರೆ ಮುಗೀತು, ಅವರು ಮತ್ತೆ ಸ್ಟೇರಿಂಗ್ ಮುಟ್ಟಲ್ಲ. ಅಲ್ಲೇ ಕೈ ಹಿಡಿದು ಮತ್ತೆ ಅದೇ ಸೀಟಲ್ಲಿ ಕೂರಿಸ್ಬೇಕು. ಅದೇ ಗೋಡೆ ಪಕ್ಕದಲ್ಲೇ ಹಿಂದಕ್ಕೆ ತೆಗೆಸ್ಬೇಕು.”

ಮಾವ ಕೈಯಲ್ಲಿದ್ದ ಅಂಗಿಯನ್ನು ಮಂಚದ ಮೇಲಿಟ್ಟರು.

“ಅದೂ ಅಲ್ದೆ, ದಾರಿ ಹೇಳದೆ ಗಾಡಿ ಓಡಿಸು ಅಂದವಳು ನಾನು. ಕೆಟ್ಟದ್ದು ಅಂದ್ನೇ ಹೊರತು ಯಾವುದು ಕೆಟ್ಟದ್ದು ಅಂತ ಹೇಳಿದ್ನಾ? ಏಳಿ. ತಟ್ಟೇಲಿರೋದನ್ನ ನೆಡಬೇಕು. ನನ್ನ ಬೆರಳು ದಪ್ಪ, ಅಷ್ಟು ಸಣ್ಣ ಬೇರಿಗೆ ಆಗಲ್ಲ.”

ಅವರು ಎದ್ದರು. ಟ್ರೇಯಲ್ಲಿ ಅಷ್ಟು ನಾಜೂಕಾಗಿ ಕೆಡಿಸಿದ ಕೈ ಅಷ್ಟೇ ನಾಜೂಕಾಗಿ ನೆಡತೊಡಗಿತು. ಹಲ್ಲುಕಡ್ಡಿಯಿಂದ ಮಣ್ಣಿನಲ್ಲಿ ತೂತು, ಅದರೊಳಗೆ ಬೇರು, ಪಕ್ಕದಿಂದ ಮೆಲ್ಲಗೆ ಒತ್ತು. ಬೇರಿಲ್ಲದ ತುಂಡುಗಳನ್ನೂ ಅವಳು ಬಿಡಲಿಲ್ಲ, “ಇವನ್ನೂ ಚುಚ್ಚಿ, ಏನು ಕಳ್ಕೊಳ್ಳೋದಿದೆ” ಎಂದಳು. ಎಲ್ಲ ನೆಟ್ಟ ಮೇಲೆ ಮಾವ ಹುಬ್ಬು ಗಂಟಿಕ್ಕಿ, “ಗಾಳಿ ಬಿದ್ರೆ ಬಾಡುತ್ತೆ. ಮೇಲೆ ಮುಚ್ಚಬೇಕು. ಗಾಜಿನ ಬಾಟಲಿ ಇದೆಯಾ?” ಎಂದರು.

ಇದ್ದವು, ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ. ಮಾವ ಬಾಟಲಿಯ ನಡುವಿಗೆ ಸ್ಪಿರಿಟ್ಟಿನಲ್ಲಿ ನೆನೆಸಿದ ದಾರ ಸುತ್ತಿ, ಬೆಂಕಿ ಹಚ್ಚಿ, ದಾರ ಉರಿದು ಮುಗಿಯುವ ಹೊತ್ತಿಗೆ ತಣ್ಣೀರಲ್ಲಿ ಅದ್ದಿದರು. ಟಕ್ಕೆಂದು ಬುಡ ಬೇರೆ, ಕತ್ತು ಬೇರೆ. ಗಂಡ ಬಾಯಿ ತೆರೆದು ನೋಡಿದ. “ಅಪ್ಪಾ, ಇಷ್ಟು ವರ್ಷ ನಂಗೆ ಇದನ್ನ ತೋರಿಸೇ ಇಲ್ಲ!”

“ನೀನು ಕೇಳ್ಲಿಲ್ಲ” ಎಂದರು ಮಾವ, ಅಂಚನ್ನು ಉಜ್ಜುಗಾಗದದಿಂದ ತಿಕ್ಕುತ್ತ. ಕಿಟಕಿಯಲ್ಲಿ ಕತ್ತರಿಸಿದ ಬಾಟಲಿಗಳ ಸಾಲು ನಿಂತಿತು. ಮಡಿಸಿದ ಅಂಗಿಗಳು ತಾವಾಗಿಯೇ ಕಪಾಟಿಗೆ ವಾಪಸಾದವು.

ಎಲ್ಲವೂ ಬದುಕಲಿಲ್ಲ. ಮೊದಲ ವಾರದಲ್ಲಿ ಹೆಚ್ಚಿನವು ಬುಡ ಕೊಳೆತು ಮಲಗಿದವು. ಪ್ರತಿ ಬೆಳಗ್ಗೆ ಮಾವ ಸತ್ತದ್ದನ್ನು ತೆಗೆದು, ಮೊದಲು ಸೊಸೆಗೆ ತೋರಿಸಿ, ಅವಳು ಹೂಂ ಅಂದಮೇಲೆಯೇ ಎಸೆಯುತ್ತಿದ್ದರು. ಕೊನೆಗೆ ಉಳಿದದ್ದು ಏಳು. ಅದರಲ್ಲೊಂದು ಬೇರಿಲ್ಲದ ತುಂಡು. ಅದು ಬಹಳ ದಿನ ಸುಮ್ಮನೆ ನಿಂತಿದ್ದು, ಒಂದು ದಿನ ಚಿಗುರಿತು.

“ಏಳು ಸಾಕು. ಏಳೇ ಏಳು ಗಿಡ ಇಡೀ ಗೇಟು ತುಂಬುತ್ತೆ ನೋಡ್ತಿರಿ” ಎಂದಳು ಸೊಸೆ.

ಚಳಿ ಕಳೆದ ಮೇಲೆ ಸಸಿಗಳು ಮುಂದಿನ ಮಡಿಗೆ ಇಳಿದವು. ಹಸಿರಿನವನ್ನು ಎಸೆಯಲು ಮಾವನಿಗೆ ಮನಸ್ಸು ಬರಲಿಲ್ಲ. ತಪ್ಪು ಮಾಡದೆ ಉಳಿದುಕೊಂಡವು ಅವು ಎಂಬುದು ಅವರ ವಾದ. ಅವನ್ನು ಗೇಟಿನ ಹೊರಗೆ, ಗೋಡೆ ಬುಡದಲ್ಲಿ ನೆಟ್ಟರು. ಗಿಡ ಮೊಣಕಾಲೆತ್ತರ ಬರುವ ಮೊದಲೇ ಕುಡಿ ಚಿವುಟಬೇಕು, ಆಗ ಪಕ್ಕದಿಂದ ಕೊಂಬೆ ಒಡೆಯುತ್ತದೆ ಎಂದು ನರ್ಸ್ ಫೋನಿನಲ್ಲಿ ಹೇಳಿದಳು. ಮಾವ ಕತ್ತರಿ ಹಿಡಿದು ಗಿಡದ ಮುಂದೆ ನಿಂತೇ ಇದ್ದರು.

“ಚಿವುಟಿ ಮಾವ.”

“ಚೆನ್ನಾಗಿರೋದನ್ನ ಹೇಗಮ್ಮ ಚಿವುಟೋದು?”

“ನಾನು ಪಕ್ಕದಲ್ಲೇ ಇದೀನಲ್ಲ. ಬ್ರೇಕು ನನ್ನ ಕಾಲ ಕೆಳಗಿದೆ. ಚಿವುಟಿ.”

ಚಿವುಟಿದರು. ಆಮೇಲೆ ಹಿಂದೆ ನೋಡಲಿಲ್ಲ. ಬೆಳಗಿನ ಹೊತ್ತು ಎಲೆ ಮೇಯಲು ಬರುವ ಬಸವನಹುಳುಗಳನ್ನು ಹೆಕ್ಕುವುದು, ಊರುಗೋಲು ನೆಟ್ಟು ಹಳೆ ಬಟ್ಟೆಯ ಪಟ್ಟಿಯಿಂದ ಕಟ್ಟುವುದು, ಎಲ್ಲ ಅವರದೇ. ಕಾಲಿನ ವ್ಯಾಯಾಮ ಮಾಡಿಸಲು ಬರುತ್ತಿದ್ದವನು, “ನಿಮಗೆ ಇನ್ನು ನನ್ನ ಅಗತ್ಯ ಇಲ್ಲ” ಎಂದು ಬರುವುದನ್ನೇ ನಿಲ್ಲಿಸಿದ.

ಹೂವು ಬಂತು. ಒಂದು ಕಿತ್ತಳೆ, ಎರಡು ಕಡುಗೆಂಪು, ಒಂದು ಹಳದಿಗೆ ಕೆಂಪು ಅಂಚು. ಮತ್ತೆರಡರ ಬಣ್ಣಕ್ಕೆ ಮನೆಯಲ್ಲಿ ಯಾರಿಗೂ ಹೆಸರು ಸಿಗಲಿಲ್ಲ. ಕಪ್ಪು ಎಲೆಯ ಮೇಲೆ ಅವು ಕೆಂಡ ಇಟ್ಟ ಹಾಗೆ ಉರಿದವು. ಕಾರು ಕಲಿಯುತ್ತಿದ್ದ ದರ್ಜಿಯೊಬ್ಬ ಗೇಟಿನ ಮುಂದೆ ಬಂದಾಗ ಅದನ್ನೇ ನೋಡುತ್ತ ಎಂಜಿನ್ ಆಫ್ ಮಾಡಿಕೊಂಡ. ಹಿಂದೆ ಮೂರು ಗಾಡಿ ಹಾರ್ನ್ ಬಾರಿಸತೊಡಗಿದವು. ಅವಳು ಬೈಯಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಒಳಗಿನಿಂದ ಮಾವ, “ನೋಡ್ಲಿ ಬಿಡಮ್ಮ, ಕಪ್ಪು ಎಲೆ ಎಲ್ರ ಮನೇಲೂ ಇರಲ್ಲ!” ಎಂದು ಕೂಗಿದರು. ಅವರ ಗಂಟಲು ಇಷ್ಟು ದೊಡ್ಡದು ಎಂದು ಆ ಬೀದಿಗೆ ಅಂದೇ ತಿಳಿದದ್ದು.

ಬೇರಿಲ್ಲದೆ ಚಿಗುರಿದ ಏಳನೆಯ ಗಿಡ ಎಲ್ಲಕ್ಕಿಂತ ತಡವಾಗಿ ಹೂ ಬಿಟ್ಟಿತು. ಹೂವು ಸಣ್ಣದು, ತೆಳು ಗುಲಾಬಿ, ಒಂದೇ ಸುತ್ತಿನ ಎಸಳು. ಎಲೆ ಮಾತ್ರ ಕಾಡಿಗೆ.

ಕೊನೆಯ ಹೂಗಳು ಬಾಡತೊಡಗಿದಾಗ ಮಗಳ ಫೋನು ಬಂತು. ಮೆಟ್ಟಿಲಿಲ್ಲದ ಮನೆಗೆ ಬಂದಿದ್ದೇವೆ, ಅಪ್ಪ ಈಗ ಇಲ್ಲಿಗೇ ಬರಲಿ ಎಂದಳು. ಸೊಸೆ ಫೋನನ್ನು ಮಾವನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು, ಆದರೆ ಕಿವಿ ಇಲ್ಲೇ ಇತ್ತು.

“ಈಗ ಎಲ್ಲಮ್ಮ ಬರೋದು? ಬೀಜ ಒಣಗ್ತಿದೆ. ಆಮೇಲೆ ಗೆಡ್ಡೆ ಕೀಳ್ಬೇಕು, ಮರಳಲ್ಲಿ ಇಡ್ಬೇಕು… ಇವಳಿಗೆ ಏನು ಗೊತ್ತಾಗುತ್ತೆ? ಕಾರು ಬಿಟ್ರೆ ಏನೂ ಗೊತ್ತಿಲ್ಲ ಇವಳಿಗೆ. ನೀವೇ ಬನ್ನಿ, ನೋಡ್ಕೊಂಡು ಹೋಗಿ.”

ಅಡುಗೆಮನೆಯಲ್ಲಿ ಸೊಸೆ ಸೌಟು ಹಿಡಿದು ಒಬ್ಬಳೇ ನಕ್ಕಳು.

ಬೀಜಕ್ಕೆ ಯಾವ ಗಿಡ ಎಂಬಲ್ಲಿ ಇಬ್ಬರಿಗೂ ಜಗಳವೇ ಆಯಿತು. ಅವಳಿಗೆ ಅಂಗೈಯಗಲ ಹೂ ಬಿಟ್ಟ ಕಡುಗೆಂಪಿನದು ಬೇಕು. ಮಾವನಿಗೆ ಗುಲಾಬಿಯದು.

“ಆ ಸಣಕಲನ್ನ ಯಾರು ನೋಡ್ತಾರೆ ಮಾವ?”

“ನಿನಗೆ ಬೇಕಾಗಿದ್ದು ಎಲೆಯೋ ಹೂವೋ? ಎಲೆ ಅಂತ ನೀನೇ ಹೇಳಿದ್ದು. ಇದಕ್ಕಿಂತ ಕಪ್ಪು ಎಲೆ ಈ ಮಡೀಲಿ ಇನ್ನೊಂದು ತೋರಿಸು.”

“ಹೂವಿಲ್ಲದ ಗಿಡಕ್ಕೆ ಅರ್ಥ ಏನು?”

“ಹಾಗಾದ್ರೆ ನಿಂದು ನಿಂಗೆ, ನಂದು ನಂಗೆ.”

ಗಂಡ ನಡುವೆ ಬರಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ.

ಮುಂದಿನ ಬಿತ್ತನೆಗೆ ಹಿಂದಿನ ಕೋಣೆಯ ಕಿಟಕಿಯಲ್ಲಿ ಎರಡು ಟ್ರೇ ಕೂತವು, ಎಡಗಡೆಯದು ಅವಳದು, ಬಲಗಡೆಯದು ಮಾವನದು. ಅವಳ ಟ್ರೇಯಲ್ಲಿ ಹಸಿರು, ಕಂದು, ಕಪ್ಪು ಎಲ್ಲ ಕಲಸುಮೇಲೋಗರವಾಗಿ ಎದ್ದಿತು. ಮಾವನದರಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲವೂ ಮಸಿ ಬಳಿದ ಹಾಗೆ.

ಮಾವ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸೊಸೆ ಬೆಳಗ್ಗೆ ಕಾರಿನ ಕೀಲಿಗೆ ಬರುವ ಹೊತ್ತಿಗೆ ಸರಿಯಾಗಿ ತಮ್ಮ ಟ್ರೇಯನ್ನು ಎತ್ತಿ, ಕೀಲಿ ನೇತುಹಾಕುವ ಮೊಳೆಯ ಕೆಳಗಿನ ಮೇಜಿನ ಮೇಲೆ ಇಟ್ಟು, ಪೇಪರ್ ಬಿಡಿಸಿಕೊಂಡು ಕೂತರು.