ಏಳನೇ ತಳಿ

"ಅದನ್ನ ಕಟ್ಟಬೇಡ," ಎಂದು ಅಪ್ಪ ಚಿಕ್ಕಮ್ಮನ ಕೈಯಿಂದ ತಲೆವಸ್ತ್ರ ಕಸಿದುಕೊಂಡ.

"ಭಾವ, ಬಂದೋರೆಲ್ಲ ನೋಡ್ತಾರೆ. ಕೂದಲು ಇನ್ನೂ ಬೆರಳುದ್ದಾನೂ ಬಂದಿಲ್ಲ."

"ನೋಡ್ಲಿ ಬಿಡು. ಇಷ್ಟು ಬಂತಲ್ಲಾ ಅಂತ ಎಷ್ಟು ಕುಣಿದಿದ್ಲು."

ಮಗಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ನಸುಕಿನಲ್ಲಿ ಅವಳ ಉಸಿರು ನಿಂತಿತ್ತು. ಅಪ್ಪ ಬಾಚಣಿಗೆ ಒದ್ದೆ ಮಾಡಿ, ಮರಿಹಕ್ಕಿಯ ಪುಕ್ಕದಂಥ ಆ ಕೂದಲನ್ನು ಹಣೆಯಿಂದ ಹಿಂದಕ್ಕೆ ಬಾಚತೊಡಗಿದ. ಕ್ಷೌರದಂಗಡಿಯಲ್ಲೇ ಆಯುಷ್ಯ ಸವೆಸಿದ ಕೈ, ಬಾಚಿದ್ದನ್ನೇ ಮತ್ತೆ ಮತ್ತೆ ಬಾಚುತ್ತಿತ್ತು.

"ಹೊತ್ತಾಗ್ತಿದೆ, ಭಾವ," ಎಂದಳು ಚಿಕ್ಕಮ್ಮ.

"ಇನ್ನೊಂದು ಸಲ."

ಮಗಳ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ ಬಾಗಿಲ ಬಳಿ ನಿಂತಿದ್ದಳು. ತಂದಿದ್ದ ಕಾಗದವನ್ನು ಮಡಿಸಿ ಚೀಲದೊಳಗೆ ತಳ್ಳಿದಳು.

*

ಮಗಳು ಕೆಲಸಕ್ಕಿದ್ದದ್ದು ಊರಾಚೆಯ ಸಂಶೋಧನಾ ತೋಟದಲ್ಲಿ. ಅಲ್ಲಿ ಸೂರ್ಯಕಾಂತಿಯ ದಾಯಾದಿಯಂಥ ಒಂದು ಗಿಡ ಬೆಳೆಸುತ್ತಿದ್ದರು. ಮೇಲೆ ಹಳದಿ ಹೂವು, ನೆಲದಡಿ ಶುಂಠಿಯಂಥ ಗೆಡ್ಡೆ. ಗೆಡ್ಡೆ ಎಲ್ಲರಿಗೂ ಬೇಕು, ಎಲೆ ಯಾರಿಗೂ ಬೇಡ. ಹಲವು ತಳಿಗಳ ಎಲೆ ಕೊಯ್ದು, ಉದ್ದ, ಅಗಲ, ದಪ್ಪ ಅಳೆದು, ಒಣಗಿಸಿ ಪುಡಿಮಾಡಿ, ಯಾವುದರಲ್ಲಿ ಸತ್ವ ಹೆಚ್ಚೆಂದು ಹೋಲಿಸುವುದು ಅವಳ ಕೆಲಸ. ಒಳ್ಳೆಯ ಮೇವಾದೀತೆಂದು ಆಸೆ. ಆದರೆ ಅಲ್ಲಿಯವರೆಗೆ ಸತ್ವ ಕಂಡ ಎಲೆಗಳೆಲ್ಲ ಒರಟು. ಆಡು ಮೂಸಿ ಮುಖ ತಿರುಗಿಸುತ್ತಿತ್ತು.

ಒಂದು ಸಂಜೆ ಎರಡು ಎಲೆ ಹಿಡಿದು ನೇರ ಅಪ್ಪನ ಅಂಗಡಿಗೆ ನುಗ್ಗಿದಳು.

"ಅಪ್ಪ, ಕಣ್ಣು ಮುಚ್ಚಿ ಇದನ್ನ ಮುಟ್ಟು."

"ಮೂರು ದಿನದ ಗಡ್ಡ."

"ಇದು?"

"ಇದಾ? ಮೀಸೆ ಮೂಡದ ಹುಡುಗನ ಕೆನ್ನೆ."

"ಏಳನೇ ತಳಿ! ಇದರಲ್ಲಿ ಸತ್ವಾನೂ ಇದ್ದುಬಿಟ್ರೆ ಗೆದ್ದೆ ಅಪ್ಪ."

"ಎಲೆಯ ಗಡ್ಡ ಆಮೇಲೆ ನೋಡಪ್ಪ," ಕುರ್ಚಿಯಲ್ಲಿದ್ದವನು ಕೂಗಿದ, "ನನ್ನ ಮುಖದ ನೊರೆ ಒಣಗ್ತಿದೆ!"

ಮರುವರ್ಷ ಕಾಯಿಲೆ ಬಂತು. ಚಿಕಿತ್ಸೆ ಶುರುವಾಗಿ ದಿಂಬಿನ ಮೇಲೆ ಕೂದಲು ಉದುರತೊಡಗಿದಾಗ ಅವಳೇ ಬಂದು ಅದೇ ಕುರ್ಚಿಯಲ್ಲಿ ಕೂತಳು.

"ಬೇರೆಯವರ ಕೈಲಿ ಬೇಡ. ನೀನೇ ತೆಗೆದುಬಿಡು."

ಅಪ್ಪ ಕನ್ನಡಿಗೆ ಟವೆಲ್ ಹೊದಿಸಿ ಬೋಳಿಸಿದ. ಅವಳು ತಲೆ ಸವರಿಕೊಂಡು, "ಏಳನೇ ತಳಿ," ಎಂದು ನಕ್ಕಳು. ಅಪ್ಪ ಅಂಗಡಿಯ ಹಿಂದಿನ ನಲ್ಲಿಗೆ ಹೋಗಿ, ಬಹಳ ಹೊತ್ತು ಮುಖ ತೊಳೆದುಕೊಂಡ.

*

ಮಣ್ಣು ಮಾಡಿ ಜನ ಚದುರಿದ ಮೇಲೆ ಗೆಳತಿ ಹತ್ತಿರ ಬಂದಳು.

"ಅಂಕಲ್, ಕಾಯಿಲೆ ಬೀಳೋ ಮುಂಚೆ ಅವಳು ಪರೀಕ್ಷೆಗೆ ಕಳಿಸಿದ್ದ ಏಳನೇ ತಳಿಯ ಫಲಿತಾಂಶ ಕೊನೆಗೂ ಬಂತು. ಎಲ್ಲಕ್ಕಿಂತ ಹೆಚ್ಚು ಪ್ರೊಟೀನ್ ಆ ಎಲೇಲೇ ಇದೆ."

"ಯಾವಾಗ ಬಂತಮ್ಮ?"

"ನಿನ್ನೆ ಸಂಜೆ." ಅವಳು ಕಣ್ಣೊರೆಸಿಕೊಂಡಳು. "ಫೋನಲ್ಲಿ ಯಾಕೆ, ಬೆಳಿಗ್ಗೆ ಎದುರಿಗೇ ಹೇಳೋಣ, ಅವಳ ಮುಖ ನೋಡೋಣ ಅಂತ..."

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಕೈಗೆ ಇನ್ನೂ ಮಣ್ಣು ಮೆತ್ತಿತ್ತು.

"ಅಳಬೇಡ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ." ಕೈ ತೆಗೆದು ಕೇಳಿದ, "ಆ ಗಿಡ ಎಲ್ಲಿದೆ, ತೋರಿಸ್ತೀಯಾ?"

ತೋಟದಲ್ಲಿ ಹೂ ಬಿಡುವ ಮೊದಲೇ ಏಳನೇ ತಳಿಯ ಸಾಲುಗಳ ಎಲೆ ಕೊಯ್ಯಬೇಕಿತ್ತು. ಕೊಯ್ಯುವವಳು ಹಾಸಿಗೆ ಹಿಡಿದಿದ್ದರಿಂದ ಈ ಸಲ ಗಿಡಗಳು ಆಳೆತ್ತರ ಮೀರಿ ಹೂ ಬಿಟ್ಟಿದ್ದವು. ಗೆಳತಿ ಬದುವಿನಲ್ಲೇ ನಿಂತು ಸಾಲು ತೋರಿಸಿದಳು. ಅಪ್ಪ ಒಳಗೆ ಹೋದ. ಎರಡು ಹೆಜ್ಜೆಗೇ ಕಾಣದಾದ.

ಅವನು ನಡೆದ ಕಡೆ ಹೂಗಳು ಒಂದಾದ ಮೇಲೊಂದು ಅಲುಗುತ್ತ ಹೋದವು. ನಡುವಿನಲ್ಲೆಲ್ಲೋ ಅಲುಗಾಟ ನಿಂತಿತು. ಗಾಳಿ ಇರಲಿಲ್ಲ. ತೋಟವೆಲ್ಲ ಸ್ತಬ್ಧವಾಗಿದ್ದಾಗ ಒಂದೇ ಒಂದು ಗಿಡದ ತುದಿ ಮಾತ್ರ, ಯಾರೋ ಬುಡ ಹಿಡಿದುಕೊಂಡಿರುವ ಹಾಗೆ, ನಡುಗುತ್ತಲೇ ಇತ್ತು.